ವೆಬ್ ಸರಣಿಗೆ ಟಿಕೆಟ್ ಇಲ್ಲ, ಹಾಗಾದರೆ ದುಡ್ಡು ಎಲ್ಲಿಂದ?

ಸಿನಿಮಾದ ಲೆಕ್ಕ ನಮಗೆಲ್ಲ ಗೊತ್ತಿರುವಂಥದ್ದು. ಇಷ್ಟು ಥಿಯೇಟರು, ಇಷ್ಟು ಶೋ, ಇಷ್ಟು ಟಿಕೆಟು. ಅದರಲ್ಲಿ ತೆರಿಗೆ, ಥಿಯೇಟರಿನವರ ಪಾಲು, ವಿತರಕರ ಪಾಲು ಕಳೆದು ಉಳಿದದ್ದು ನಿರ್ಮಾಪಕರಿಗೆ. ಅದರ ಮೇಲೆ ಸ್ಯಾಟಲೈಟ್ ಹಕ್ಕು, ಆಡಿಯೊ ಹಕ್ಕು, ಡಬ್ಬಿಂಗ್ ಹಕ್ಕು. ಧಾರಾವಾಹಿಯ ಲೆಕ್ಕವೂ ಕಷ್ಟದ್ದಲ್ಲ: ಟಿಆರ್‌ಪಿ ಏರಿದರೆ ನಡುವೆ ಬರುವ ಜಾಹೀರಾತಿನ ರೇಟು ಏರುತ್ತದೆ. ಚಂದಾ ಮೇಲೆ ನಡೆಯುವ ಒಟಿಟಿಯ ಒರಿಜಿನಲ್ ಸರಣಿಗೆ, ಅಂದರೆ ಆ ಸೇವೆ ತನಗೆಂದೇ ಮಾಡಿಸಿದ ಸರಣಿಗೆ, ಇವೆರಡೂ ಇಲ್ಲ. ನೀವು ತಿಂಗಳಿಗೆ ಕಟ್ಟುವ ₹199ರಲ್ಲಿ ಯಾವ ಸರಣಿಗೆ ಎಷ್ಟು ಎಂದು ಎಲ್ಲೂ ಬರೆದಿರುವುದಿಲ್ಲ. ಹತ್ತು ಸರಣಿ ನೋಡಿದರೂ ಅಷ್ಟೇ ಹಣ, ಒಂದನ್ನೂ ನೋಡದಿದ್ದರೂ ಅಷ್ಟೇ.

ಹೀಗಾಗಿ ‘ಆ ಸರಣಿ ಎಷ್ಟು ಕೋಟಿ ಮಾಡಿತು’ ಎಂಬ ಪ್ರಶ್ನೆಗೆ ಗಲ್ಲಾಪೆಟ್ಟಿಗೆಯಂಥ ಉತ್ತರ ಸಿಗುವುದಿಲ್ಲ. ಕಂಪನಿಯವರು ಲೆಕ್ಕ ಹಾಕುವುದು ತಿಂಗಳುಗಳಲ್ಲಿ. ಈ ಸರಣಿ ಇರದಿದ್ದರೆ ಸೇರುತ್ತಲೇ ಇರಲಿಲ್ಲ ಎನ್ನುವವರು ಎಷ್ಟು ಜನ, ಅವರು ಎಷ್ಟು ತಿಂಗಳು ಉಳಿದರು. ಈ ಸರಣಿ ಇರದಿದ್ದರೆ ಬಿಟ್ಟುಹೋಗುತ್ತಿದ್ದವರು ಎಷ್ಟು ಜನ, ಅವರು ಇನ್ನೆಷ್ಟು ತಿಂಗಳು ಕಟ್ಟಿದರು. ಸರಣಿಯ ಗಳಿಕೆ ಎಂದರೆ ಈ ಎರಡರ ಮೊತ್ತ. ಒಳ್ಳೆಯ ಸರಣಿ ಎರಡೇ ಸೀಸನ್ನಿಗೆ ನಿಲ್ಲುವುದು, ಇದ್ದ ಸರಣಿ ಒಂದು ಬೆಳಿಗ್ಗೆ ಆ್ಯಪ್‌ನಿಂದ ಮಾಯವಾಗುವುದು, ಕನ್ನಡದಲ್ಲಿ ಒರಿಜಿನಲ್‌ಗಳು ಬೆರಳೆಣಿಕೆಯಷ್ಟೇ ಇರುವುದು, ಇವೆಲ್ಲವುಗಳ ಬೇರು ಇದೇ ಲೆಕ್ಕದಲ್ಲಿದೆ.

ಒಂದು ಚಂದಾ-ತಿಂಗಳ ಬೆಲೆ

ಒಂದು ಕಾಲ್ಪನಿಕ ಸೇವೆಯನ್ನು ಇಟ್ಟುಕೊಂಡು ಲೆಕ್ಕ ಬಿಡಿಸೋಣ. ತಿಂಗಳ ಚಂದಾ ₹199. ಇದರಲ್ಲಿ ಶೇ 18ರ ಜಿಎಸ್‌ಟಿ ಸೇರಿಕೊಂಡಿದೆ, 199ನ್ನು 1.18ರಿಂದ ಭಾಗಿಸಿದರೆ ಸುಮಾರು ₹169 ಉಳಿಯುತ್ತದೆ. ತೆರಿಗೆಗೆ ಹೋದದ್ದು ₹30. ಪಾವತಿ ಗೇಟ್‌ವೇ, ಸರ್ವರ್, ವಿಡಿಯೊ ಸಾಗಿಸುವ ಜಾಲ ಇವುಗಳಿಗೆ ಇನ್ನೊಂದು ₹9 ಎಂದಿಟ್ಟುಕೊಂಡರೆ ಕೈಗೆ ಬರುವುದು ₹160. ಚಂದಾದಾರ ಮೊಬೈಲಿನ ಆ್ಯಪ್ ಸ್ಟೋರ್ ಮೂಲಕವೇ ಹಣ ಕಟ್ಟಿದರೆ ಅಲ್ಲಿ ಸ್ಟೋರಿನವರ ಕಮಿಷನ್ ಬೇರೆ. ‘ನಮ್ಮ ವೆಬ್‌ಸೈಟಿನಲ್ಲೇ ಚಂದಾ ಕಟ್ಟಿ’ ಎಂದು ಹಲವು ಸೇವೆಗಳು ದುಂಬಾಲು ಬೀಳುವುದು ಇದಕ್ಕೇ.

ಈಗ ಈ ಸೇವೆ ₹24 ಕೋಟಿ ಹಾಕಿ ಒಂದು ಸರಣಿ ಮಾಡಿಸಿತು. 24 ಕೋಟಿಯನ್ನು 160ರಿಂದ ಭಾಗಿಸಿದರೆ 15 ಲಕ್ಷ. ಅಂದರೆ ಹಾಕಿದ್ದು ವಾಪಸು ಬರಲು 15 ಲಕ್ಷ ಚಂದಾ-ತಿಂಗಳು ಬೇಕು. ಒಬ್ಬರು ಒಂದು ತಿಂಗಳು ಕಟ್ಟಿದರೆ ಅದು ಒಂದು ಚಂದಾ-ತಿಂಗಳು. ಇದು ಬೇರೆ ಬೇರೆ ದಾರಿಯಲ್ಲಿ ಬರಬಹುದು. ಈ ಸರಣಿಗೆಂದೇ ಸೇರಿದ 1 ಲಕ್ಷ ಜನ ಸರಾಸರಿ 15 ತಿಂಗಳು ಉಳಿಯಬಹುದು. ಅಥವಾ, ಬಿಡುವ ಮನಸ್ಸು ಮಾಡಿದ್ದ 5 ಲಕ್ಷ ಹಳೆಯ ಚಂದಾದಾರರು ಇನ್ನೂ ಮೂರು ತಿಂಗಳು ಮುಂದುವರಿಯಬಹುದು. ಅಥವಾ 15 ಲಕ್ಷ ಜನ ಒಂದೇ ತಿಂಗಳಿಗೆ ಸೇರಿ, ಪೂರ್ತಿ ನೋಡಿ, ಬಿಟ್ಟು ಹೋಗಬಹುದು. ಮೂರರಲ್ಲೂ ದುಡ್ಡು ಒಂದೇ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಮೂರನೆಯದರಲ್ಲಿ ಆ 15 ಲಕ್ಷ ಜನರನ್ನು ಮತ್ತೆ ಕರೆತರಲು ಮತ್ತೆ ಪ್ರಚಾರದ ಖರ್ಚು ಬೀಳುತ್ತದೆ.

ಸೇವೆಯ ಆಯುಷ್ಯವನ್ನು ನಿರ್ಧರಿಸುವ ಸಂಖ್ಯೆ ಇನ್ನೊಂದಿದೆ: ಪ್ರತಿ ತಿಂಗಳು ನೂರಕ್ಕೆ ಎಷ್ಟು ಜನ ಬಿಡುತ್ತಾರೆ ಎಂಬುದು. ಈ ಉದ್ಯಮದಲ್ಲಿ ಇದನ್ನು ಚರ್ನ್ ಎನ್ನುತ್ತಾರೆ. ಚರ್ನ್ ಶೇ 5 ಇದ್ದರೆ ಒಬ್ಬ ಚಂದಾದಾರ ಸರಾಸರಿ 20 ತಿಂಗಳು ಉಳಿಯುತ್ತಾನೆ (1ನ್ನು 0.05ರಿಂದ ಭಾಗಿಸಿ). ₹160ರಂತೆ ಅವನಿಂದ ಒಟ್ಟು ₹3,200. ಚರ್ನ್ ಶೇ 4ಕ್ಕೆ ಇಳಿದರೆ 25 ತಿಂಗಳು, ₹4,000. ಕೇವಲ ಒಂದು ಶೇಕಡಾ ಅಂಶ ಕಡಿಮೆಯಾದರೆ ತಲೆಗೆ ₹800 ಹೆಚ್ಚು. 50 ಲಕ್ಷ ಚಂದಾದಾರರಿರುವ ಸೇವೆಗೆ ಅದು ₹400 ಕೋಟಿಯ ಮಾತು. ಹೊಸಬರನ್ನು ಸೆಳೆಯುವ ಸದ್ದು-ಗದ್ದಲ ಹೊರಗೆ ಎಷ್ಟೇ ಕೇಳಿಸಲಿ, ಒಳಗೆ ಕೂತವರ ಕಣ್ಣು ಬಿಟ್ಟು ಹೋಗುವವರ ಮೇಲೇ ಇರುತ್ತದೆ.

ಒಳಗಿನ ಲೆಕ್ಕದ ಎರಡು ಹಾಳೆಗಳು

ಈ ಕಂಪನಿಗಳು ಸರಣಿವಾರು ಲೆಕ್ಕವನ್ನು ಹೊರಗೆ ಬಿಡುವುದಿಲ್ಲ. ಅಪರೂಪಕ್ಕೆ ಒಳಗಿನ ಕಾಗದ ಪತ್ರಿಕೆಯವರ ಕೈಗೆ ಸಿಕ್ಕಿದ್ದುಂಟು, ಅವುಗಳಲ್ಲಿ ಎರಡು ನೋಡಲೇಬೇಕಾದಂಥವು.

ಮೊದಲನೆಯದು ಅಮೆಜಾನ್‌ನದು, 2018ರ ಮಾರ್ಚ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಹೊಸದಾಗಿ ಪ್ರೈಮ್ ಸೇರಿದವರು ಮೊಟ್ಟಮೊದಲು ಯಾವ ಸರಣಿ ನೋಡಿದರೋ, ಅವರನ್ನು ಕರೆತಂದ ಶ್ರೇಯಸ್ಸು ಆ ಸರಣಿಗೆ ಎಂಬುದು ಅಲ್ಲಿನ ಅಳತೆ. ‘ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್’ ಸರಣಿಯ ಮೊದಲ ಸೀಸನ್‌ಗೆ ನಿರ್ಮಾಣ ಮತ್ತು ಪ್ರಚಾರ ಸೇರಿ 7.2 ಕೋಟಿ ಡಾಲರ್ ಖರ್ಚಾಗಿತ್ತು. ಅದನ್ನೇ ಮೊದಲು ನೋಡಿದ ಹೊಸಬರು ಜಗತ್ತಿನಾದ್ಯಂತ 11.5 ಲಕ್ಷ. ತಲೆಗೆ 63 ಡಾಲರ್. ಆಗ ಅಮೆರಿಕದಲ್ಲಿ ಪ್ರೈಮ್‌ನ ವಾರ್ಷಿಕ ಚಂದಾ 99 ಡಾಲರ್, ಆದ್ದರಿಂದ ಇದು ಗೆದ್ದ ಸರಣಿ. ‘ಗುಡ್ ಗರ್ಲ್ಸ್ ರಿವೋಲ್ಟ್’ಗೆ 8.1 ಕೋಟಿ ಡಾಲರ್ ಖರ್ಚು. ಅಮೆರಿಕದಲ್ಲೇ 16 ಲಕ್ಷ ಜನ ನೋಡಿದರು. ಆದರೆ ಹೊಸ ಚಂದಾದಾರನೊಬ್ಬನಿಗೆ ಬಿದ್ದ ಖರ್ಚು 1,560 ಡಾಲರ್. ಒಂದೇ ಸೀಸನ್ನಿಗೆ ಅದು ಮುಗಿಯಿತು.

ಇಲ್ಲಿ ನಿಂತು ಗಮನಿಸಬೇಕಾದ್ದು: ಆ 16 ಲಕ್ಷ ಪ್ರೇಕ್ಷಕರಲ್ಲಿ ಬಹುಪಾಲು ಜನ ಮೊದಲೇ ಪ್ರೈಮ್‌ನಲ್ಲಿದ್ದವರು. ಅವರು ಮೆಚ್ಚಿದ್ದು ಈ ಅಳತೆಗೋಲಿಗೆ ಕಾಣಿಸುವುದೇ ಇಲ್ಲ. ಮನೆಗೆ ಬಂದ ನೆಂಟರನ್ನಷ್ಟೇ ಎಣಿಸಿ, ಮನೆಯಲ್ಲಿದ್ದವರ ಊಟವನ್ನು ಲೆಕ್ಕಕ್ಕೆ ಹಿಡಿಯದ ಹಾಗೆ. ‘ಮೊದಲು ನೋಡಿದ್ದು’ ಎಂದರೆ ‘ಅದಕ್ಕಾಗಿಯೇ ಸೇರಿದ್ದು’ ಎಂದೂ ಅಲ್ಲ. ಸಾಮಾನು ಬೇಗ ಮನೆಗೆ ಬರಲೆಂದು ಪ್ರೈಮ್ ತೆಗೆದುಕೊಂಡವರು ಸುಮ್ಮನೆ ಮೇಲೆ ಕಂಡದ್ದನ್ನು ಒತ್ತಿರಲೂಬಹುದು.

ಎರಡನೆಯ ಹಾಳೆ ನೆಟ್‌ಫ್ಲಿಕ್ಸ್‌ನದು. 2021ರ ಅಕ್ಟೋಬರ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕಟಿಸಿತು. ಕೊರಿಯಾದ ‘ಸ್ಕ್ವಿಡ್ ಗೇಮ್’ ಮೊದಲ ಸೀಸನ್‌ನ ಒಂಬತ್ತು ಕಂತುಗಳಿಗೆ ಆದ ಖರ್ಚು 2.14 ಕೋಟಿ ಡಾಲರ್. ನೆಟ್‌ಫ್ಲಿಕ್ಸ್ ತಾನೇ ಅಂದಾಜಿಸಿದ ಅದರ ಮೌಲ್ಯ 89.1 ಕೋಟಿ ಡಾಲರ್. ಖರ್ಚಿಗೂ ಮೌಲ್ಯಕ್ಕೂ ಇರುವ ಅನುಪಾತ 41 ಪಟ್ಟಿಗೂ ಹೆಚ್ಚು. ಅದೇ ಕಾಗದಗಳಲ್ಲಿ ಡೇವ್ ಶಪೆಲ್ ಅವರ ‘ಸ್ಟಿಕ್ಸ್ ಆ್ಯಂಡ್ ಸ್ಟೋನ್ಸ್’ ಎಂಬ ಸ್ಟ್ಯಾಂಡ್-ಅಪ್ ಕಾರ್ಯಕ್ರಮಕ್ಕೆ 2.36 ಕೋಟಿ ಡಾಲರ್ ಖರ್ಚು, 1.94 ಕೋಟಿ ಡಾಲರ್ ಮೌಲ್ಯ ಎಂದಿತ್ತು, ಅನುಪಾತ 0.8. ಒಂದಕ್ಕಿಂತ ಕಡಿಮೆ ಎಂದರೆ ಹಾಕಿದಷ್ಟು ಮೌಲ್ಯ ಹುಟ್ಟಲಿಲ್ಲ ಎಂದರ್ಥ.

ಕೆಲವು ಪತ್ರಿಕೆಗಳು ಆ 89.1 ಕೋಟಿಯನ್ನು ‘ಗಳಿಕೆ’ ಎಂದೇ ಬರೆದವು. ಅದು ತಪ್ಪು ತಿಳಿವಳಿಕೆ. ಅಷ್ಟು ಹಣ ಯಾವ ಖಾತೆಗೂ ಪ್ರತ್ಯೇಕವಾಗಿ ಬಂದು ಬೀಳಲಿಲ್ಲ. ಯಾರು ನೋಡಿದರು, ಎಷ್ಟು ನೋಡಿದರು, ನೋಡಿದವರು ಹೊಸಬರೇ ಅಥವಾ ಬಿಡುವ ಅಂಚಿನಲ್ಲಿದ್ದವರೇ ಎಂಬುದನ್ನೆಲ್ಲ ತೂಗಿ ಕಟ್ಟಿದ ಅಂದಾಜು ಅದು. ತಿಂಗಳಿಗೆ ಎಪ್ಪತ್ತು ಗಂಟೆ ನೋಡುವವರ ಒಂದು ಗಂಟೆಗೆ ಅಲ್ಲಿ ಬೆಲೆ ಕಡಿಮೆ, ಅವರು ಹೇಗೂ ಉಳಿಯುತ್ತಾರೆ. ಎರಡು ತಿಂಗಳಿಂದ ಆ್ಯಪ್ ತೆರೆಯದವರ ಒಂದು ಗಂಟೆಗೆ ಬೆಲೆ ಹೆಚ್ಚು.

ಅದೇ ಕಾಗದಗಳ ಇನ್ನೊಂದು ಸಂಗತಿಯೂ ಹೇಳಲೇಬೇಕಾದದ್ದು: ‘ಸ್ಕ್ವಿಡ್ ಗೇಮ್’ ನೋಡಲು ಶುರು ಮಾಡಿದವರಲ್ಲಿ ಶೇ 66ರಷ್ಟು ಜನ ಮೊದಲ 23 ದಿನಗಳಲ್ಲೇ ಸರಣಿಯನ್ನು ಕೊನೆಯವರೆಗೂ ನೋಡಿದ್ದರು. ಸರಣಿಯ ಹಣೆಬರಹ ತೀರ್ಮಾನಿಸುವಲ್ಲಿ ಈ ಪ್ರಮಾಣಕ್ಕೆ ದೊಡ್ಡ ಪಾಲಿದೆ. ಎರಡನೇ ಕಂತಿಗೆ ಬಿಟ್ಟವರನ್ನು ಎರಡನೇ ಸೀಸನ್ನಿಗೆ ಕರೆತರುವುದು ಅಸಾಧ್ಯಕ್ಕೆ ಹತ್ತಿರ.

ಮಾಡಿದವರಿಗೆ ಸಿಗುವುದು

ಅಮೆರಿಕದ ಹಳೆಯ ಟಿವಿ ಪದ್ಧತಿಯಲ್ಲಿ ವಾಹಿನಿ ಒಂದು ಕಂತಿಗೆ ತಗಲುವ ಪೂರ್ತಿ ಖರ್ಚನ್ನು ಕೊಡುತ್ತಿರಲಿಲ್ಲ. ಉಳಿದ ಕೊರತೆಯನ್ನು ಸ್ಟುಡಿಯೊ ತಾನೇ ಹೊತ್ತು, ಕಂತುಗಳ ಸಂಖ್ಯೆ ನೂರರ ಹತ್ತಿರ ಬಂದಾಗ ಮರುಪ್ರಸಾರದ ಹಕ್ಕನ್ನು ಊರೂರಿನ ವಾಹಿನಿಗಳಿಗೆ ಮಾರಿ ಕೊರತೆಯನ್ನೂ ತೀರಿಸಿ ಲಾಭವನ್ನೂ ತೆಗೆಯುತ್ತಿತ್ತು. ಹತ್ತರಲ್ಲಿ ಎಂಟು ಸೋತರೂ ಗೆದ್ದ ಎರಡು ತಲೆಮಾರುಗಟ್ಟಲೆ ಅನ್ನ ಹಾಕುತ್ತಿದ್ದವು. ‘ಫ್ರೆಂಡ್ಸ್’ ಮುಗಿದದ್ದು 2004ರಲ್ಲಿ. ಅದರ ಐದು ವರ್ಷಗಳ ಸ್ಟ್ರೀಮಿಂಗ್ ಹಕ್ಕಿಗೆ ಎಚ್‌ಬಿಒ ಮ್ಯಾಕ್ಸ್ ಒಪ್ಪಿದ ಬೆಲೆ 42.5 ಕೋಟಿ ಡಾಲರ್ ಎಂದು 2019ರಲ್ಲಿ ವರದಿಯಾಯಿತು. ‘ದಿ ಆಫೀಸ್’ ಸರಣಿಯನ್ನು ಎನ್‌ಬಿಸಿ ಯುನಿವರ್ಸಲ್ 50 ಕೋಟಿ ಡಾಲರ್‌ಗೆ ತನ್ನ ಸೇವೆಗೆ ಒಯ್ದಿತು. ಇವೆರಡೂ ಅದಕ್ಕೆ ಮೊದಲು ನೆಟ್‌ಫ್ಲಿಕ್ಸ್‌ನಲ್ಲಿ ಜನ ಹುಡುಕಿ ನೋಡುತ್ತಿದ್ದ ಸರಣಿಗಳು. ಬಾಡಿಗೆ ಮನೆಯ ಮಾಲೀಕರು ಬಂದು ಖಾಲಿ ಮಾಡಿ ಎಂದರೆ ಖಾಲಿ ಮಾಡಲೇಬೇಕು. ಸ್ವಂತ ಸರಣಿಗಳ ಮೇಲೆ ಇಷ್ಟೊಂದು ಹಣ ಸುರಿಯುವುದಕ್ಕೆ ಮುಖ್ಯ ಕಾರಣ ಈ ಭಯವೇ.

ನೆಟ್‌ಫ್ಲಿಕ್ಸ್ ತಂದ ಪದ್ಧತಿ ಬೇರೆ. ನಿರ್ಮಾಣದ ಪೂರ್ತಿ ಖರ್ಚು ಕೊಟ್ಟು, ಅದರ ಮೇಲೆ ಗೊತ್ತು ಮಾಡಿದ ಶೇಕಡಾವಾರು ಲಾಭ ಸೇರಿಸಿ ಕೊಡುವುದು. ನಿರ್ಮಾಪಕರಿಗೆ ಮೊದಲ ದಿನವೇ ಲಾಭ ಖಾತ್ರಿ, ಸಾಲದ ಬಡ್ಡಿಯ ಚಿಂತೆ ಇಲ್ಲ. ಅದಕ್ಕೆ ಪ್ರತಿಯಾಗಿ ಜಗತ್ತಿನ ಎಲ್ಲ ದೇಶಗಳ, ಎಲ್ಲ ಭಾಷೆಗಳ, ಎಲ್ಲ ಕಾಲದ ಹಕ್ಕುಗಳನ್ನೂ ಬರೆದುಕೊಡಬೇಕು. ನಮ್ಮ ಚಿತ್ರ ನಿರ್ಮಾಪಕರು ಸ್ಯಾಟಲೈಟ್, ಡಿಜಿಟಲ್, ಡಬ್ಬಿಂಗ್, ಆಡಿಯೊ ಎಂದು ನಾಲ್ಕು ಕಡೆ ಮಾರುವುದನ್ನು ಇಲ್ಲಿ ಒಂದೇ ಸಹಿಯಲ್ಲಿ ಕೊಟ್ಟುಬಿಡಬೇಕಾಗುತ್ತದೆ. ಶುರುವಿನಲ್ಲಿ ನೆಟ್‌ಫ್ಲಿಕ್ಸ್‌ಗೂ ಇದು ಪೂರ್ತಿ ದಕ್ಕಿರಲಿಲ್ಲ. 2013ರ ಫೆಬ್ರವರಿಯಲ್ಲಿ ಬಂದ ‘ಹೌಸ್ ಆಫ್ ಕಾರ್ಡ್ಸ್’ಗೆ ಎರಡು ಸೀಸನ್, 26 ಕಂತುಗಳಿಗೆ ಸುಮಾರು 10 ಕೋಟಿ ಡಾಲರ್ ಎಂದು ಸುದ್ದಿಯಾಗಿತ್ತು, ಆದರೆ ಹಲವು ದೇಶಗಳ ಹಕ್ಕು ಬೇರೆಯವರ ಪಾಲಾಗಿತ್ತು. ಭಾರತದಲ್ಲಿ ಅದು ಬರುತ್ತಿದ್ದದ್ದು ಜೀ ಕೆಫೆ ವಾಹಿನಿಯಲ್ಲಿ. ಆಮೇಲಿನ ಒಪ್ಪಂದಗಳು ಬಿಗಿಯಾದವು.

ಈ ಪದ್ಧತಿಯ ನೋವು ಗೆದ್ದವರಿಗೇ ಹೆಚ್ಚು. ‘ಸ್ಕ್ವಿಡ್ ಗೇಮ್’ ಬರೆದು ನಿರ್ದೇಶಿಸಿದ ಹ್ವಾಂಗ್ ಡಾಂಗ್-ಹ್ಯೂಕ್ ಅವರಿಗೆ ಮೊದಲ ಸೀಸನ್‌ನಲ್ಲಿ ಮೂಲ ಒಪ್ಪಂದದ ಹಣವಷ್ಟೇ ಸಿಕ್ಕಿತು. ಎಷ್ಟು ನೋಡಿದರೆ ಎಷ್ಟು ಹೆಚ್ಚು ಎಂಬ ಷರತ್ತೇ ಅದರಲ್ಲಿರಲಿಲ್ಲ. ಸೋತವರ ನಷ್ಟವನ್ನು ಕಂಪನಿ ಹೊರುತ್ತದೆ ಎಂಬುದು ನಿಜ. ಆದರೂ ಖರ್ಚಿನ ನಲವತ್ತು ಪಟ್ಟು ಮೌಲ್ಯ ಹುಟ್ಟಿಸಿದವರ ಕೈಗೆ ಅದರ ಚೂರೂ ಬಾರದ ಒಪ್ಪಂದ ನ್ಯಾಯದ್ದು ಎನ್ನಲಾಗದು.

2023ರಲ್ಲಿ ಹಾಲಿವುಡ್‌ನ ಬರಹಗಾರರು ಮೇ 2ರಿಂದ 148 ದಿನ, ಕಲಾವಿದರು ಜುಲೈ 14ರಿಂದ 118 ದಿನ ಮುಷ್ಕರ ಹೂಡಿದಾಗ ಕೇಳಿದ್ದರಲ್ಲಿ ಇದೂ ಒಂದು. ಬರಹಗಾರರಿಗೆ ಸಿಕ್ಕಿದ್ದು ಹೀಗಿದೆ: ದೊಡ್ಡ ಬಜೆಟ್ಟಿನ ಒರಿಜಿನಲ್ ಒಂದರ ವೀಕ್ಷಣೆ ಮೊದಲ 90 ದಿನಗಳಲ್ಲಿ ಆ ಸೇವೆಯ ಅಮೆರಿಕದ ಚಂದಾದಾರರ ಶೇ 20ರಷ್ಟಕ್ಕೆ ಸಮನಾದ ಮಟ್ಟ ಮುಟ್ಟಿದರೆ, ನಿಗದಿತ ಮರುಬಳಕೆ ಸಂಭಾವನೆಯ (ಕೃತಿಯನ್ನು ಮುಂದೆಯೂ ತೋರಿಸುತ್ತಿರುವುದಕ್ಕೆ ಕೊಡುವ ಹಣದ) ಅರ್ಧದಷ್ಟು ಬೋನಸ್. ಶೇ 20 ಎಂಬುದು ಎತ್ತರದ ಗೋಡೆ, ಬಹುಪಾಲು ಸರಣಿಗಳು ಅದನ್ನು ಹತ್ತಲಾರವು. ಆದರೆ ಬೋನಸ್ ಕೊಡಬೇಕೆಂದರೆ ವೀಕ್ಷಣೆಯ ಅಂಕಿ ತೋರಿಸಲೇಬೇಕಲ್ಲ, ಬೀಗ ಹಾಕಿದ್ದ ಬಾಗಿಲು ಅಷ್ಟಾದರೂ ತೆರೆಯಿತು. ಅದೇ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ 18,000ಕ್ಕೂ ಹೆಚ್ಚು ಶೀರ್ಷಿಕೆಗಳ ಆರು ತಿಂಗಳ ವೀಕ್ಷಣಾ ಗಂಟೆಗಳನ್ನು ಮೊದಲ ಬಾರಿಗೆ ಬಹಿರಂಗ ಮಾಡಿತು.

ಕಾಗದದ ಲಾಭ, ಕೈಯಲ್ಲಿನ ನಗದು

ಇಲ್ಲಿ ಸ್ವಲ್ಪ ಲೆಕ್ಕಪತ್ರ ಬೇಕು. ₹24 ಕೋಟಿ ಹಾಕಿ ಮಾಡಿದ ಸರಣಿಯನ್ನು ಕಂಪನಿ ಆ ವರ್ಷದ ಖರ್ಚು ಎಂದು ಒಮ್ಮೆಗೇ ಬರೆಯುವುದಿಲ್ಲ. ಅದು ಆಸ್ತಿ. ಯಂತ್ರಕ್ಕೆ ಸವಕಳಿ ತೆಗೆಯುವ ಹಾಗೆ ಪ್ರತಿ ವರ್ಷ ಇಷ್ಟಿಷ್ಟು ಎಂದು ಖರ್ಚಿಗೆ ಬರೆಯುತ್ತ ಹೋಗುತ್ತಾರೆ. ಹೊಸದರಲ್ಲೇ ಹೆಚ್ಚು ಜನ ನೋಡುವುದರಿಂದ ಮೊದಲ ವರ್ಷಗಳಲ್ಲಿ ಸವಕಳಿ ಹೆಚ್ಚು. ಶೀರ್ಷಿಕೆಯೊಂದರ ಸರಾಸರಿ ಶೇ 90ಕ್ಕೂ ಹೆಚ್ಚು ಬೆಲೆಯನ್ನು, ಅದು ಪರದೆಗೆ ಬಂದ ನಾಲ್ಕು ವರ್ಷಗಳಲ್ಲಿ ಸವೆಸಿಬಿಡುವುದಾಗಿ ನೆಟ್‌ಫ್ಲಿಕ್ಸ್ ತನ್ನ ವಾರ್ಷಿಕ ವರದಿಗಳಲ್ಲಿ ಹೇಳುತ್ತದೆ.

ತೊಂದರೆ ಎಲ್ಲಿ ಎಂದರೆ, ಸೆಟ್ ಹಾಕಿದವರಿಗೆ, ಕ್ಯಾಮೆರಾದವರಿಗೆ, ಗ್ರಾಫಿಕ್ಸ್‌ನವರಿಗೆ ಹಣವನ್ನು ಈಗಲೇ ಕೊಡಬೇಕು. ಸರಣಿ ಪರದೆಗೆ ಬರುವ ಹೊತ್ತಿಗೆ ಒಂದೆರಡು ವರ್ಷದ ಹಿಂದೆಯೇ ಹಣ ಹೋಗಿರುತ್ತದೆ, ಸವಕಳಿ ಆಮೇಲೆ ಶುರು. 2019ರಲ್ಲಿ ನೆಟ್‌ಫ್ಲಿಕ್ಸ್ ತೋರಿಸಿದ ನಿವ್ವಳ ಲಾಭ ಸುಮಾರು 187 ಕೋಟಿ ಡಾಲರ್. ಅದೇ ವರ್ಷ ಅದರ ಕೈಯಿಂದ ನಿವ್ವಳವಾಗಿ ಹೊರಗೆ ಹರಿದ ನಗದು ಸುಮಾರು 330 ಕೋಟಿ ಡಾಲರ್. ಎರಡೂ ನಿಜ. ಅಂತರವನ್ನು ಸಾಲಪತ್ರ ಮಾರಿ ತುಂಬಿಸಿಕೊಂಡರು. 2020ರಲ್ಲಿ ನಗದು ಹರಿವು ಒಳಮುಖವಾಯಿತು, ಅದಕ್ಕೆ ಒಂದು ದೊಡ್ಡ ಕಾರಣ ಕೋವಿಡ್‌ನಿಂದ ಚಿತ್ರೀಕರಣಗಳೇ ನಿಂತದ್ದು. ಒಟಿಟಿ ಕಂಪನಿಯೊಂದು ಲಾಭ ಮಾಡಿತು ಎಂಬ ಸುದ್ದಿ ಓದಿದಾಗ ನಗದು ಹರಿವಿನ ಸಾಲನ್ನೂ ನೋಡಬೇಕು. ಇಲ್ಲದಿದ್ದರೆ ಅರ್ಧ ಕಥೆಯಷ್ಟೇ ತಿಳಿಯುತ್ತದೆ.

ಸರಣಿ ಮಾಯವಾಗುವುದೂ ಇದೇ ಪುಸ್ತಕದ ಪುಟ. 2023ರ ಮೇ ತಿಂಗಳಲ್ಲಿ ಡಿಸ್ನಿ ತನ್ನ ಸೇವೆಗಳಿಂದ ಹತ್ತಾರು ಶೀರ್ಷಿಕೆಗಳನ್ನು ತೆಗೆದುಹಾಕಿ, ಅದಕ್ಕಾಗಿ ಸುಮಾರು 150 ಕೋಟಿ ಡಾಲರ್ ಮೌಲ್ಯಕುಸಿತ ಬರೆಯುವುದಾಗಿ ಹೇಳಿತು. ಅದರಲ್ಲಿ ‘ವಿಲೋ’ ಸರಣಿಯೂ ಇತ್ತು, ಅದು ಶುರುವಾಗಿ ಆರು ತಿಂಗಳೂ ತುಂಬಿರಲಿಲ್ಲ. ನೋಡುವವರು ಕಡಿಮೆ ಇರುವ ಸರಣಿಯನ್ನು ತೆಗೆದರೆ ಪುಸ್ತಕದಲ್ಲಿ ಉಳಿದಿದ್ದ ಅದರ ಬೆಲೆಯನ್ನು ಒಂದೇ ಸಲ ನಷ್ಟಕ್ಕೆ ಬರೆಯಬಹುದು. ಮುಂದಿನ ವರ್ಷಗಳ ಸವಕಳಿ ಹೊರೆ ಇಳಿಯುತ್ತದೆ. ಕಲಾವಿದರಿಗೆ ಕೊಡಬೇಕಾದ ಮರುಬಳಕೆ ಸಂಭಾವನೆಯೂ ನಿಲ್ಲುತ್ತದೆ. ನೂರಾರು ಜನ ವರ್ಷಗಟ್ಟಲೆ ದುಡಿದ ಕೆಲಸ ಹೀಗೆ ಕಣ್ಮರೆಯಾಗುವುದು, ಅದರ ಡಿವಿಡಿಯೂ ಇಲ್ಲದ ಕಾಲದಲ್ಲಿ, ದೊಡ್ಡ ನಷ್ಟ. ಲೆಕ್ಕದ ಹಾಳೆಯಲ್ಲಿ ಈ ನಷ್ಟಕ್ಕೆ ಕಾಲಂ ಇಲ್ಲ.

ಮೂರನೇ ಸೀಸನ್ ಯಾಕೆ ಬರುವುದಿಲ್ಲ

ಸೀಸನ್ ಮುಂದುವರಿದಂತೆ ಖರ್ಚು ಏರುತ್ತದೆ. ನಟರ ಸಂಭಾವನೆ ಹೊಸದಾಗಿ ಮಾತುಕತೆಗೆ ಬರುತ್ತದೆ, ಒಪ್ಪಂದದಲ್ಲೇ ಪ್ರತಿ ಸೀಸನ್ನಿಗೆ ಇಷ್ಟು ಹೆಚ್ಚಳ ಎಂದು ಬರೆದಿರುತ್ತದೆ. ನೋಡುವವರ ಸಂಖ್ಯೆ ಮಾತ್ರ ಸಾಮಾನ್ಯವಾಗಿ ಇಳಿಮುಖ. ಮೊದಲ ಎರಡು ಸೀಸನ್ ನೋಡದವರು ನೇರ ಮೂರಕ್ಕೆ ಬರುವುದಿಲ್ಲವಾದ್ದರಿಂದ ಹೊಸ ಚಂದಾದಾರರನ್ನು ತರುವ ಶಕ್ತಿಯೂ ಕುಗ್ಗುತ್ತದೆ. ಮೇಲಿನ ಉದಾಹರಣೆಯಲ್ಲೇ ಹೇಳುವುದಾದರೆ, ಮೂರನೇ ಸೀಸನ್ನಿಗೆ ₹24 ಕೋಟಿ ₹32 ಕೋಟಿಯಾದರೆ ಬೇಕಾಗುವ ಚಂದಾ-ತಿಂಗಳು 15 ಲಕ್ಷದಿಂದ 20 ಲಕ್ಷಕ್ಕೆ ಏರಿತು. ಬರುವ ಜನ ಕಡಿಮೆಯಾದರು. ಅದೇ ₹32 ಕೋಟಿಯಲ್ಲಿ ಹೊಸದೊಂದನ್ನು ಮಾಡಿದರೆ ಹೊಸಬರನ್ನು ಸೆಳೆಯುವ ಸಾಧ್ಯತೆಯಾದರೂ ಇದೆ ಎಂದು ಕಂಪನಿಯ ಒಳಗೆ ಕೂತವರು ಯೋಚಿಸುತ್ತಾರೆ. ಈ ಯೋಚನೆಗೆ ಒಂದು ಬೆಲೆ ಇದೆ: ಅರ್ಧಕ್ಕೆ ನಿಂತ ಕಥೆಗಳ ರಾಶಿ ದೊಡ್ಡದಾದಷ್ಟೂ, ‘ಮುಗಿದ ಮೇಲೆ ನೋಡೋಣ’ ಎಂದು ಪ್ರೇಕ್ಷಕರು ಕಾಯತೊಡಗುತ್ತಾರೆ. ಮೊದಲ ವಾರಗಳ ಸಂಖ್ಯೆ ಇಳಿಯುತ್ತದೆ. ಆ ಸಂಖ್ಯೆಯನ್ನೇ ನೋಡಿ ಮತ್ತೊಂದು ಸರಣಿ ನಿಲ್ಲುತ್ತದೆ.

ಬಿಡುಗಡೆಯ ದಿನಾಂಕದಲ್ಲೂ ಲೆಕ್ಕವಿದೆ. ಎಲ್ಲ ಕಂತು ಒಮ್ಮೆಗೇ ಬಿಟ್ಟರೆ ಮಾತು ಬೇಗ ಹರಡುತ್ತದೆ, ಆದರೆ ಒಂದು ತಿಂಗಳ ಚಂದಾದಲ್ಲೇ ಎಲ್ಲವೂ ಮುಗಿಯುತ್ತದೆ. ‘ಸ್ಟ್ರೇಂಜರ್ ಥಿಂಗ್ಸ್’ನ ನಾಲ್ಕನೇ ಸೀಸನ್ 2022ರ ಮೇ 27ಕ್ಕೆ ಒಂದು ಭಾಗ, ಜುಲೈ 1ಕ್ಕೆ ಇನ್ನೊಂದು ಭಾಗವಾಗಿ ಬಂತು. ನಡುವೆ 35 ದಿನ. ಮೇ 27ಕ್ಕೆ ಸೇರಿದವರು ಕೊನೆಯನ್ನು ನೋಡಬೇಕಾದರೆ ಎರಡನೇ ತಿಂಗಳ ಹಣ ಕಟ್ಟಲೇಬೇಕು.

ಅದೇ ವರ್ಷದ ಮೊದಲ ಆರು ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಸುಮಾರು 12 ಲಕ್ಷ ಚಂದಾದಾರರನ್ನು ಕಳೆದುಕೊಂಡು, ಏಪ್ರಿಲ್‌ನಲ್ಲಿ ಒಂದೇ ದಿನ ಅದರ ಷೇರು ಶೇ 35ರಷ್ಟು ಕುಸಿದಿತ್ತು. ಆಮೇಲೆ ಬಂದದ್ದು ಎರಡು ಬದಲಾವಣೆ. 2022ರ ನವೆಂಬರ್‌ನಲ್ಲಿ ಕೆಲವು ದೇಶಗಳಲ್ಲಿ ಜಾಹೀರಾತು ಸಹಿತ ಅಗ್ಗದ ಪ್ಯಾಕ್, ಅಮೆರಿಕದಲ್ಲಿ 6.99 ಡಾಲರ್. 2023ರಲ್ಲಿ ಪಾಸ್‌ವರ್ಡ್ ಹಂಚಿಕೆಗೆ ಕಡಿವಾಣ; ಅಂಥ ಮನೆಗಳು ಜಗತ್ತಿನಲ್ಲಿ 10 ಕೋಟಿ ಎಂದು ಕಂಪನಿಯೇ ಹೇಳಿತ್ತು. ಹೊಸ ಸರಣಿಗೆ ಒಂದು ಪೈಸೆ ಹೆಚ್ಚು ಹಾಕದೆ, ಇದ್ದ ಸರಣಿಗಳಿಗೇ ಕಟ್ಟುವವರನ್ನು ಹೆಚ್ಚಿಸಿದ ಕ್ರಮ ಅದು. 2024ರ ಕೊನೆಗೆ ಚಂದಾದಾರರು 30 ಕೋಟಿ ದಾಟಿದರು. ಆ ವರ್ಷದ ಆದಾಯ 3,900 ಕೋಟಿ ಡಾಲರ್, ನಿವ್ವಳ ಲಾಭ 870 ಕೋಟಿ ಡಾಲರ್. ಜಾಹೀರಾತು ಪ್ಯಾಕ್‌ನಲ್ಲಿ ಮಾತ್ರ ಗಂಟೆಗಳಿಗೆ ನೇರ ಬೆಲೆ ಬರುತ್ತದೆ: ಹೆಚ್ಚು ನೋಡಿದಷ್ಟೂ ಹೆಚ್ಚು ಜಾಹೀರಾತು. ಹಳೆಯ ಟಿವಿಯ ಲೆಕ್ಕ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಿದೆ.

ನಮ್ಮ ಕಡೆಯ ಲೆಕ್ಕ

ಅಮೆರಿಕ ಮತ್ತು ಕೆನಡಾದಲ್ಲಿ ನೆಟ್‌ಫ್ಲಿಕ್ಸ್‌ಗೆ 2024ರಲ್ಲಿ ಒಬ್ಬ ಚಂದಾದಾರನಿಂದ ತಿಂಗಳಿಗೆ ಸರಾಸರಿ 17 ಡಾಲರ್ ಆಸುಪಾಸು ಬರುತ್ತಿತ್ತು. ಏಷ್ಯಾ-ಪೆಸಿಫಿಕ್‌ನಲ್ಲಿ 7 ಡಾಲರ್ ಆಸುಪಾಸು, ಭಾರತದಲ್ಲಂತೂ 2021ರ ಡಿಸೆಂಬರ್‌ನಲ್ಲಿ ದರ ಇಳಿಸಿ ಮೊಬೈಲ್ ಪ್ಯಾಕ್ ₹149, ಬೇಸಿಕ್ ಪ್ಯಾಕ್ ₹499ರಿಂದ ₹199 ಮಾಡಿದರು. ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ಗೆ 2023ರ ಮೊದಲ ಮೂರು ತಿಂಗಳಲ್ಲಿ ಒಬ್ಬ ಚಂದಾದಾರನಿಂದ ಬಂದ ಸರಾಸರಿ ತಿಂಗಳಿಗೆ 0.59 ಡಾಲರ್, ಐವತ್ತು ರೂಪಾಯಿಗೂ ಕಡಿಮೆ. 2025ರ ಫೆಬ್ರವರಿಯಲ್ಲಿ ಜಿಯೊಹಾಟ್‌ಸ್ಟಾರ್ ಶುರುವಾದಾಗ ಜಾಹೀರಾತು ಸಹಿತ ಮೊಬೈಲ್ ಪ್ಯಾಕ್ ಮೂರು ತಿಂಗಳಿಗೆ ₹149. ಜಿಎಸ್‌ಟಿ ಕಳೆದರೆ ತಿಂಗಳಿಗೆ ಸುಮಾರು ₹42. ಈ ದರದಲ್ಲಿ ಅದೇ ₹24 ಕೋಟಿಯ ಸರಣಿಗೆ ಬೇಕಾಗುವುದು 15 ಲಕ್ಷವಲ್ಲ, 57 ಲಕ್ಷ ಚಂದಾ-ತಿಂಗಳು. ಜಾಹೀರಾತು ಅದರಲ್ಲಿ ಒಂದಷ್ಟನ್ನು ತುಂಬಿಕೊಡುತ್ತದೆ. ಮೊಬೈಲ್ ರೀಚಾರ್ಜ್ ಜೊತೆ ಬಂದ ಚಂದಾ ಆದರೆ ತಲೆಗೆ ಸಿಗುವುದು ಇನ್ನೂ ಕಡಿಮೆ.

ಜನರನ್ನು ಇಲ್ಲಿ ಹಿಡಿದಿಟ್ಟದ್ದು ಸರಣಿಗಳಿಗಿಂತ ಕ್ರಿಕೆಟ್ಟು. 2022ರ ಜೂನ್‌ನ ಹರಾಜಿನಲ್ಲಿ 2023-27ರ ಐಪಿಎಲ್ ಡಿಜಿಟಲ್ ಹಕ್ಕು ಹಾಟ್‌ಸ್ಟಾರ್‌ನ ಕೈತಪ್ಪಿ ₹23,758 ಕೋಟಿಗೆ ವಯಾಕಾಮ್18 ಪಾಲಾಯಿತು. ಹಾಟ್‌ಸ್ಟಾರ್‌ನ ಚಂದಾದಾರರು 2022ರ ಅಕ್ಟೋಬರ್ ಹೊತ್ತಿಗೆ 6.13 ಕೋಟಿ ಇದ್ದವರು 2023ರ ಜುಲೈ ಹೊತ್ತಿಗೆ 4.04 ಕೋಟಿಗೆ ಇಳಿದರು. ಸರಣಿಗಳು ಅಲ್ಲೇ ಇದ್ದವು.

ಕನ್ನಡಕ್ಕೆ ಬಂದರೆ, ತೊಡಕು ‘ಕನ್ನಡಿಗರು ನೋಡುವುದಿಲ್ಲ’ ಎಂಬುದಲ್ಲ. ಕನ್ನಡಿಗರಲ್ಲಿ ಹಲವರು ಆಗಲೇ ಚಂದಾದಾರರು. ಹಿಂದಿ, ತೆಲುಗು, ತಮಿಳು, ಇಂಗ್ಲಿಷ್, ಡಬ್ಬಿಂಗ್ ಎಲ್ಲವನ್ನೂ ನೋಡುತ್ತಾರೆ, ಕನ್ನಡ ಸರಣಿ ಬಾರದಿದ್ದರೂ ಬಿಟ್ಟುಹೋಗುವುದಿಲ್ಲ. ಮೊದಲೇ ಮನೆಯಲ್ಲಿದ್ದವರಿಗೆ ಬೆಲೆ ಕಟ್ಟದ ಆ ಅಳತೆಗೋಲಿನಲ್ಲಿ ಇವರ ಮೆಚ್ಚುಗೆ ಶೂನ್ಯದ ಹತ್ತಿರ ನಿಲ್ಲುತ್ತದೆ. ಬೇರೆ ಭಾಷೆಯ ಸಿದ್ಧ ಸರಣಿಗೆ ಕನ್ನಡದ ದನಿ ಕೂರಿಸುವುದಕ್ಕೆ ಹೊಸ ಸರಣಿಯ ಖರ್ಚಿನ ಸಣ್ಣ ಪಾಲು ಸಾಕು. ಒರಿಜಿನಲ್ ಇಲ್ಲದ್ದರಿಂದ ಅದನ್ನು ಎಷ್ಟು ಜನ ನೋಡಿಯಾರು ಎಂಬ ಅಂಕಿ ಇಲ್ಲ; ಅಂಕಿ ಇಲ್ಲದ್ದರಿಂದ ಒರಿಜಿನಲ್‌ಗೆ ಒಪ್ಪಿಗೆ ಇಲ್ಲ. ರಕ್ಷಿತ್ ಶೆಟ್ಟಿ ಅವರ ಪರಂವಃ ಅರ್ಪಿಸಿದ ಏಳು ಕಥೆಗಳ ‘ಏಕಂ’ ಸಿದ್ಧವಾಗಿದ್ದರೂ ದೊಡ್ಡ ಸೇವೆಗಳಲ್ಲಿ ಜಾಗ ಸಿಗದೆ, 2024ರ ಜುಲೈನಲ್ಲಿ ತನ್ನದೇ ವೆಬ್‌ಸೈಟಿನಲ್ಲಿ ಬಂದದ್ದು ಈ ಸುಳಿಯ ಕಣ್ಣಮುಂದಿನ ಉದಾಹರಣೆ.

ಸುಳಿ ಬಿಡಿಸುವ ದಾರಿ ಬಜೆಟ್ಟಿನಲ್ಲಿ ಇದೆ ಎನಿಸುತ್ತದೆ. ₹3 ಕೋಟಿಯಲ್ಲಿ ಆರು ಕಂತಿನ ಸರಣಿ ಮಾಡಿದರೆ, ತಿಂಗಳಿಗೆ ₹160 ಉಳಿಯುವ ಸೇವೆಗೆ 1.9 ಲಕ್ಷ ಚಂದಾ-ತಿಂಗಳು ಸಾಕು. ₹42 ಉಳಿಯುವ ಸೇವೆಗೆ 7 ಲಕ್ಷದಷ್ಟು. ಕರ್ನಾಟಕದ ಜನಸಂಖ್ಯೆಗೆ ಇದು ನಿಲುಕದ ಸಂಖ್ಯೆಯಲ್ಲ. ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು ಕನ್ನಡಕ್ಕೆಂದೇ ಸೇರಿ ಅಲ್ಲಿನ ದರದಲ್ಲಿ ತಿಂಗಳಿಗೆ 17 ಡಾಲರ್ ಕಟ್ಟಿದರೆ, ಅವರ ಒಂದು ತಿಂಗಳು ಇಲ್ಲಿನ ₹160ರ ಎಂಟೊಂಬತ್ತು ತಿಂಗಳಿಗೆ ಸಮ. 2025ರ ಏಪ್ರಿಲ್‌ನಲ್ಲಿ ಜೀ5 ತಂದ ‘ಅಯ್ಯನ ಮನೆ’ ಇಂಥ ಚಿಕ್ಕ ಅಳತೆಯದೇ: ಆರು ಕಂತು, ಒಂದು ಮನೆ, ಒಂದು ಕುಟುಂಬ.